ನಮ್ಮನೆ ಕೊತ್ತಿ

ಬೆಕ್ಕು ಯಾರಿಗೆ ಗೊತ್ತಿಲ್ಲ? ಮೈಸೂರು, ಮಂಡ್ಯ, ಹಾಸನದ ಕಡೆ ಅದನ್ನು ಕೊತ್ತಿ ಅಂತಾರೆ. ತುಳು ಮಾತಾಡುವವರು ಪುಚ್ಚೆ ಅಂತಾರೆ. ಹೆಸರು ಬೇರೆ, ಗುಣ ಒಂದೇ. ಕರೆದಾಗ ಬರುವುದಿಲ್ಲ. ನಮಗೆ ಕೈತುಂಬ ಕೆಲಸ ಇದ್ದಾಗ ಮಡಿಲಿಗೆ ಬಂದು ಮಲಗುತ್ತದೆ. ಓದಲು ಪುಸ್ತಕ ಬಿಚ್ಚಿದರೆ ಪುಸ್ತಕದ ಮೇಲೇ ಕೂರುತ್ತದೆ.

ಬೆಕ್ಕಿನ ಮೇಲೆ ನಮ್ಮಲ್ಲಿ ಗಾದೆಗಳು ಬಹಳ. ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.’ ‘ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.’ ‘ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?’ ಎಲ್ಲದರಲ್ಲೂ ಬೆಕ್ಕೇ ಕಳ್ಳ, ಬೆಕ್ಕೇ ಕೇಡಿ. ಬೆಕ್ಕಿನ ಪರವಾಗಿ ಒಂದು ಗಾದೆ ಹುಡುಕಿ ನೋಡಿ. ಸಿಗುವುದು ಕಷ್ಟ.

ಆದರೂ ಎಷ್ಟೊಂದು ಮನೆಗಳಲ್ಲಿ ಬೆಕ್ಕು ಇದೆ. ಯಾಕೆ?

ಕಾಳು ಇದ್ದಲ್ಲಿ ಇಲಿ

ಬಹಳ ಹಿಂದೆ ಮನುಷ್ಯರು ಬೇಸಾಯ ಕಲಿತರು. ಬೆಳೆದ ಕಾಳನ್ನು ಕೂಡಿಟ್ಟರು. ಕಾಳಿಗೆ ಇಲಿ ಬಂತು. ಇಲಿಯ ಹಿಂದೆ ಕಾಡಿನ ಬೆಕ್ಕು ಬಂತು. ಹಸುವಿನ ಹಾಗೆ, ಕುದುರೆಯ ಹಾಗೆ ಅದನ್ನು ಯಾರೂ ಹಿಡಿದು ಪಳಗಿಸಲಿಲ್ಲ. ಅದೇ ಬಂತು, ಅದೇ ಉಳಿಯಿತು.

ಸೈಪ್ರಸ್ ಅಂತ ಒಂದು ದ್ವೀಪ ಇದೆ. ಸುತ್ತಲೂ ಸಮುದ್ರ. ಅಲ್ಲಿ ನೆಲ ಅಗೆದಾಗ ಸುಮಾರು 9500 ವರ್ಷ ಹಳೆಯ ಸಮಾಧಿ ಸಿಕ್ಕಿತು. ಅದರಲ್ಲಿ ಮನುಷ್ಯನ ಮೂಳೆ ಇತ್ತು. ಪಕ್ಕದಲ್ಲೇ ಬೆಕ್ಕಿನ ಮೂಳೆಯೂ ಇತ್ತು. ಈ ವಿಷಯ 2004ರಲ್ಲಿ ಪ್ರಕಟವಾಯಿತು. ಆ ದ್ವೀಪದಲ್ಲಿ ಹುಟ್ಟಾ ಬೆಕ್ಕುಗಳು ಇರಲಿಲ್ಲ. ಅಂದರೆ ಜನ ದೋಣಿಯಲ್ಲಿ ಹೋಗುವಾಗ ಬೆಕ್ಕನ್ನೂ ಕರೆದುಕೊಂಡು ಹೋಗಿದ್ದರು. ಅಷ್ಟು ಹಳೆಯದು ಈ ನಂಟು.

ಒಂದು ದೊಡ್ಡ ಇಲಿ ದಿನಕ್ಕೆ ಸುಮಾರು 20ರಿಂದ 25 ಗ್ರಾಂ ಕಾಳು ತಿನ್ನುತ್ತದೆ. ವರ್ಷಕ್ಕೆ ಲೆಕ್ಕ ಹಾಕಿ. ಏಳೆಂಟು ಕಿಲೋ ಆಯಿತು. ತಿನ್ನುವುದು ಒಂದು ಪಾಲು. ಹಿಕ್ಕೆ ಹಾಕಿ, ಉಚ್ಚೆ ಹೊಯ್ದು, ಚೀಲ ಕಡಿದು ಹಾಳು ಮಾಡುವುದು ಇನ್ನೂ ಹೆಚ್ಚು. ಇಲಿಯ ಉಚ್ಚೆಯಿಂದ ಮನುಷ್ಯರಿಗೆ ಇಲಿಜ್ವರ ಬರುತ್ತದೆ. ಬೆಕ್ಕು ಇದ್ದರೆ ಸುಂಡಿಲಿ, ಚಿಕ್ಕ ಇಲಿಗಳ ಕಾಟ ಕಡಿಮೆ. ಆದರೆ ಹೆಗ್ಗಣದ ತಂಟೆಗೆ ಹೆಚ್ಚಿನ ಬೆಕ್ಕುಗಳು ಹೋಗುವುದಿಲ್ಲ. ಹೆಗ್ಗಣಕ್ಕೆ ಬೋನೇ ಗತಿ.

‘ಊಟ ಹಾಕಿದರೆ ಬೆಕ್ಕು ಇಲಿ ಹಿಡಿಯಲ್ಲ’ ಅಂತ ಕೆಲವರು ಉಪವಾಸ ಕೆಡವುತ್ತಾರೆ. ಇದು ಸರಿಯಲ್ಲ. ಬೇಟೆ ಬೆಕ್ಕಿನ ಹುಟ್ಟುಗುಣ. ಹೊಟ್ಟೆ ತುಂಬಿದ್ದರೂ ಅದು ಇಲಿ ಕಂಡರೆ ಹಾರುತ್ತದೆ. ಹಸಿದ ಬೆಕ್ಕು ಮಾತ್ರ ಇಲಿಯ ಜೊತೆಗೆ ನಿಮ್ಮ ಮೀನಿನ ಸಾರಿಗೂ ಬಾಯಿ ಹಾಕುತ್ತದೆ.

ಈಗ ಒಂದು ಮನೆಯ ಕಥೆ ಓದೋಣ.

ಕೆಂಚನನ್ನು ಬಿಟ್ಟು ಬಂದರು

ಒಂದು ಊರು. ಆ ಊರಿನಲ್ಲಿ ಒಂದು ಮನೆ. ಮನೆಯಲ್ಲಿ ಅಜ್ಜಿ, ಮಗ, ಸೊಸೆ, ಆರು ವರ್ಷದ ಮೊಮ್ಮಗ. ಅಜ್ಜಿ ಕಲಿಕಾ ಕೇಂದ್ರಕ್ಕೆ ಹೋಗಿ ಓದು ಕಲಿತವರು. ಸೊಸೆ ಐದು ತಿಂಗಳ ಬಸುರಿ.

ಆ ಮನೆಯಲ್ಲಿ ಎರಡು ಬೆಕ್ಕು. ತಾಯಿ ಬೆಳ್ಳಿ. ಅವಳ ಮಗ ಕೆಂಚ. ಬೆಳ್ಳಿ ಸಾಧು. ಕೆಂಚನದೇ ಕಾಟ. ಅವನಿಗೆ ಹತ್ತು ತಿಂಗಳು ತುಂಬಿತ್ತು. ರಾಗಿ ಚೀಲಕ್ಕೆ ಬಾಲ ಎತ್ತಿ ಉಚ್ಚೆ ಹಾರಿಸುತ್ತಿದ್ದ. ಒಲೆಯ ಬೂದಿಯಲ್ಲಿ ಹೊಲಸು ಮಾಡುತ್ತಿದ್ದ. ರಾತ್ರಿಯೆಲ್ಲ ಬೀದಿ ಬೆಕ್ಕುಗಳ ಜೊತೆ ಜಗಳ. ಬೆಳಗಿನ ಜಾವ ನಾಲ್ಕಕ್ಕೆ ಬಂದು ಬಾಗಿಲು ಕೆರೆಯುತ್ತಿದ್ದ.

“ಮನೆಯೆಲ್ಲ ನಾರುತ್ತೆ. ಬಸುರಿ ಹೆಂಗಸು ಇರೋ ಮನೆ ಇದು. ಇವತ್ತೇ ಇದನ್ನ ಆಚೆ ಹಾಕ್ತೀನಿ” ಅಂದ ಮಗ.

“ಅದರ ಅವ್ವ ನಮ್ಮ ರಾಗಿ ಕಾದವಳು ಕಣಪ್ಪ. ಹಂಗೆಲ್ಲ ಮಾಡಬೇಡ” ಅಂದರು ಅಜ್ಜಿ.

ಮಗ ಕೇಳಲಿಲ್ಲ. ಕೆಂಚನನ್ನು ಗೋಣಿಚೀಲಕ್ಕೆ ತುಂಬಿದ. ಸೈಕಲ್ಲಿಗೆ ಕಟ್ಟಿದ. ಕೆರೆ ಏರಿ ದಾಟಿ, ತೋಪಿನ ಹತ್ತಿರ ಬಿಚ್ಚಿ ಬಿಟ್ಟು ಬಂದ. ಮೊಮ್ಮಗ ಆ ರಾತ್ರಿ ಉಣ್ಣಲಿಲ್ಲ.

ಹೀಗೆ ಮಾಡುವವರು ಬಹಳ ಜನ. ಕೊಲ್ಲಲಿಲ್ಲವಲ್ಲ, ಎಲ್ಲೋ ಬದುಕಿಕೊಳ್ಳುತ್ತದೆ ಅಂತ ಅವರ ಸಮಾಧಾನ. ಬೆಕ್ಕಿಗೆ ತನ್ನದು ಅಂತ ಒಂದು ಜಾಗ ಇರುತ್ತದೆ. ನೀರು ಎಲ್ಲಿ, ಅಡಗುವ ಸಂದಿ ಎಲ್ಲಿ, ನಾಯಿ ಎಲ್ಲಿ, ಎಲ್ಲ ಅದಕ್ಕೆ ಗೊತ್ತು. ಹೊಸ ಜಾಗದಲ್ಲಿ ಏನೂ ಗೊತ್ತಿಲ್ಲ. ಅಲ್ಲಿನ ಬೆಕ್ಕುಗಳು ಕಚ್ಚಿ ಓಡಿಸುತ್ತವೆ. ನಾಯಿಗಳು ಅಟ್ಟುತ್ತವೆ. ಸಾಕಿದ ಪ್ರಾಣಿ ಹಸಿದು ಬಾಯಾರಿ ನರಳುವಂತೆ ಬಿಟ್ಟು ಬರುವುದು ಕಾನೂನಿನ ಪ್ರಕಾರವೂ ತಪ್ಪು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಹೀಗೆ ಹೇಳುತ್ತದೆ.

ನಾಲ್ಕನೆಯ ದಿನ ಸಂಜೆ ಕೆಂಚ ತಾನೇ ವಾಪಸು ಬಂದ. ಮೈ ಇಳಿದು ಹೋಗಿತ್ತು. ಕಿವಿ ಹರಿದಿತ್ತು. ಕಟ್ಟಿಗೆ ರಾಶಿಯ ಹಿಂದೆ ಮುದುರಿ ಕೂತಿದ್ದ. ಮೊಮ್ಮಗ ಕಂಡವನೇ ಓಡಿ ಹೋಗಿ ಎರಡು ಕೈಯಲ್ಲಿ ಬಾಚಿಕೊಂಡ. ಕೆಂಚ ಬೆದರಿ ಹುಡುಗನ ಕೈಗೆ ಕಚ್ಚಿದ. ಹಲ್ಲು ಒಳಗೆ ಇಳಿಯಿತು. ರಕ್ತ ಬಂತು.

ಹದಿನೈದು ನಿಮಿಷ

ಅಕ್ಕಪಕ್ಕದವರು ಓಡಿ ಬಂದರು.

“ಸುಣ್ಣ ಹಚ್ಚಿ” ಅಂದರು ಒಬ್ಬರು.

“ಕಾಫಿಪುಡಿ ಒತ್ತಿ, ರಕ್ತ ನಿಲ್ಲುತ್ತೆ” ಅಂದರು ಇನ್ನೊಬ್ಬರು.

“ಯಾವುದೂ ಬೇಡ. ಸೋಪು ತಾ ಮಗಳೇ” ಅಂದರು ಅಜ್ಜಿ.

ಹುಡುಗನ ಕೈಯನ್ನು ನಲ್ಲಿಯ ಕೆಳಗೆ ಹಿಡಿದರು. ಸೋಪು ಹಚ್ಚಿ ತೊಳೆದರು. ಮತ್ತೆ ಹಚ್ಚಿ ತೊಳೆದರು. ಹುಡುಗ ಅತ್ತ. ಅಜ್ಜಿ ಬಿಡಲಿಲ್ಲ. ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದರು. ಗಡಿಯಾರ ನೋಡಿಕೊಂಡೇ ತೊಳೆದರು.

ಹದಿನೈದು ನಿಮಿಷ ಯಾಕೆ? ರೇಬೀಸ್ ರೋಗದ ವಿಷಾಣು ಪ್ರಾಣಿಯ ಜೊಲ್ಲಿನಲ್ಲಿ ಇರುತ್ತದೆ. ಕಚ್ಚಿದಾಗ ಗಾಯದೊಳಗೆ ಸೇರುತ್ತದೆ. ಸೋಪು ಅದನ್ನು ಅಲ್ಲೇ ಬಹಳಷ್ಟು ನಾಶ ಮಾಡುತ್ತದೆ. ಹರಿಯುವ ನೀರು ಅದನ್ನು ಹೊರಗೆ ಹಾಕುತ್ತದೆ. ಎರಡು ಚೊಂಬು ನೀರು ಸುರಿದರೆ ಸಾಲದು. ಸುಣ್ಣ, ಖಾರದಪುಡಿ, ಅರಿಶಿನ, ಸೊಪ್ಪಿನ ರಸ ಹಚ್ಚಿದರೆ ಗಾಯ ಇನ್ನೂ ಕೆಡುತ್ತದೆ. ಗಾಯವನ್ನು ಬಿಗಿಯಾಗಿ ಕಟ್ಟಲೂಬಾರದು.

“ಕಚ್ಚಿದ್ದು ನಾಯಿ ಅಲ್ವಲ್ಲ, ನಮ್ಮ ಕೊತ್ತಿ ತಾನೇ? ಆಸ್ಪತ್ರೆ ಯಾಕೆ?” ಅಂದ ಮಗ.

ಇದೇ ಮಾತು ಎಷ್ಟೋ ಜನರ ಬಾಯಲ್ಲಿ ಬರುತ್ತದೆ. ಹುಚ್ಚುನಾಯಿ ರೋಗ ಅಂತ ಹೆಸರು ಇರುವುದರಿಂದ ಅದು ನಾಯಿಯಿಂದ ಮಾತ್ರ ಬರುತ್ತದೆ ಅಂದುಕೊಂಡಿದ್ದೇವೆ. ನಮ್ಮ ದೇಶದಲ್ಲಿ ಹೆಚ್ಚಾಗಿ ನಾಯಿಯಿಂದಲೇ ಬರುತ್ತದೆ, ನಿಜ. ಆದರೆ ರೋಗ ತಗಲಿದ ಬೆಕ್ಕಿನಿಂದಲೂ ಬರುತ್ತದೆ. ರೇಬೀಸ್ ಇರುವ ನಾಯಿ ಬೆಕ್ಕನ್ನು ಕಚ್ಚಿದರೆ ಬೆಕ್ಕಿಗೂ ರೋಗ ಬಂತು. ಕೆಂಚ ನಾಲ್ಕು ದಿನ ಎಲ್ಲಿದ್ದ, ಯಾರ ಜೊತೆ ಕಚ್ಚಾಡಿದ? ಕಿವಿ ಹರಿದದ್ದು ಹೇಗೆ? ಯಾರಿಗೂ ಗೊತ್ತಿಲ್ಲ.

ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲ. ಅದಕ್ಕೆ ಮುಂಚೆ ಲಸಿಕೆ ಹಾಕಿಸಿದರೆ ರೋಗ ಬರದಂತೆ ತಡೆಯಬಹುದು. ಈ ಲಸಿಕೆಯನ್ನು ಫ್ರಾನ್ಸ್ ದೇಶದ ಲೂಯಿ ಪಾಶ್ಚರ್ 1885ರಲ್ಲಿ ಮೊದಲ ಸಲ ಒಬ್ಬ ಹುಡುಗನಿಗೆ ಹಾಕಿಸಿದರು. ಹುಚ್ಚುನಾಯಿ ಕಚ್ಚಿದ್ದ ಒಂಬತ್ತು ವರ್ಷದ ಹುಡುಗ ಅವನು. ಅವನು ಬದುಕಿದ.

“ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಹಾಕ್ತಾರಂತೆ. ಮಗು ತಡೆಯುತ್ತಾ?” ಸೊಸೆಗೆ ಹೆದರಿಕೆ.

ಆ ಕಾಲ ಹೋಯಿತು. ಹೊಟ್ಟೆಗೆ ಹಾಕುತ್ತಿದ್ದ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2004ರ ಕೊನೆಗೆ ನಿಂತು ಹೋಯಿತು. ಈಗಿನ ಲಸಿಕೆಯನ್ನು ತೋಳಿಗೆ ಹಾಕುತ್ತಾರೆ. ಚರ್ಮದೊಳಗೆ ಹಾಕುವ ಕ್ರಮದಲ್ಲಿ ನಾಲ್ಕು ಸಲ ಹೋಗಬೇಕು. ಮೊದಲ ದಿನ, ಆಮೇಲೆ 3ನೇ ದಿನ, 7ನೇ ದಿನ, 28ನೇ ದಿನ. ಮೊದಲ ದಿನವನ್ನು ಸೊನ್ನೆ ಅಂತ ಎಣಿಸಬೇಕು. ಸೋಮವಾರ ಮೊದಲ ಸೂಜಿಯಾದರೆ ಗುರುವಾರ ಎರಡನೆಯದು. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಅಜ್ಜಿ ಅವತ್ತು ರಾತ್ರಿಯೇ ಆಟೋ ಮಾಡಿಸಿ ಹುಡುಗನನ್ನು ಕರೆದುಕೊಂಡು ಹೋದರು. ರಕ್ತ ಬಂದ ಗಾಯ ಆದ್ದರಿಂದ ವೈದ್ಯರು ಲಸಿಕೆಯ ಜೊತೆಗೆ ಗಾಯದ ಸುತ್ತಲೂ ಇನ್ನೊಂದು ಔಷಧಿ ಚುಚ್ಚಿದರು. ಅದರ ಹೆಸರು ಇಮ್ಯುನೋಗ್ಲಾಬ್ಯುಲಿನ್. ಲಸಿಕೆ ಕೆಲಸ ಶುರು ಮಾಡಲು ಕೆಲವು ದಿನ ಬೇಕು. ಅಲ್ಲಿಯವರೆಗೆ ಇದು ಕಾಪಾಡುತ್ತದೆ. ಈ ಔಷಧಿ ಎಲ್ಲ ಆಸ್ಪತ್ರೆಯಲ್ಲೂ ಇರುವುದಿಲ್ಲ. ಇಲ್ಲ ಅಂದರೆ ತಾಲ್ಲೂಕು ಇಲ್ಲವೇ ಜಿಲ್ಲಾ ಆಸ್ಪತ್ರೆಗೆ ಕೂಡಲೇ ಹೋಗಬೇಕು. ಧನುರ್ವಾಯು ಸೂಜಿಯನ್ನೂ ಕೇಳಬೇಕು.

ವೈದ್ಯರು ಕೊನೆಗೆ ಕೇಳಿದರು. “ಬೆಕ್ಕು ಎಲ್ಲಿದೆ?”

“ಮನೇಲಿದೆ ಸಾರ್. ನಾಳೆ ಇನ್ನೂ ದೂರ ಬಿಟ್ಟು ಬರ್ತೀನಿ” ಅಂದ ಮಗ.

“ಬಿಡಬೇಡಿ. ಹತ್ತು ದಿನ ಅದನ್ನ ಮನೇಲಿ ಕೂಡಿಟ್ಟು ನೋಡಿ. ಹೊಡೆಯಬೇಡಿ, ಕೊಲ್ಲಬೇಡಿ. ಅದು ಚೆನ್ನಾಗಿ ಉಂಡು ತಿಂದು ಹತ್ತು ದಿನ ಗಟ್ಟಿಯಾಗಿದ್ದರೆ ಕಚ್ಚಿದಾಗ ಅದಕ್ಕೆ ರೇಬೀಸ್ ಇರಲಿಲ್ಲ ಅಂತ ಅರ್ಥ. ಸತ್ತರೆ, ಕಾಣೆಯಾದರೆ, ವಿಚಿತ್ರವಾಗಿ ಆಡಿದರೆ ಆ ದಿನವೇ ಬಂದು ಹೇಳಿ. ಅಷ್ಟರವರೆಗೆ ಮಗುವಿನ ಸೂಜಿ ತಪ್ಪಿಸಬೇಡಿ.”

ನೋಡಿ, ಯಾವ ಬೆಕ್ಕನ್ನು ಓಡಿಸಬೇಕು ಅಂತಿದ್ದರೋ ಅದನ್ನೇ ಈಗ ಕಾಯುವ ಹಾಗಾಯಿತು. ಹತ್ತು ದಿನ ಆ ಮನೆಯವರು ನೆಮ್ಮದಿಯಾಗಿ ಮಲಗಲಿಲ್ಲ. ಕೆಂಚ ಜೊಲ್ಲು ಸುರಿಸುತ್ತಾನಾ? ದನಿ ಬದಲಾಯಿತಾ? ಸುಮ್ಮನೆ ಮೇಲೆ ಎಗರುತ್ತಾನಾ? ಕತ್ತಲೆ ಮೂಲೆಗೆ ಸೇರಿ ಹೊರಗೆ ಬಾರದೆ ಇದ್ದಾನಾ? ಅಜ್ಜಿ ಕ್ಯಾಲೆಂಡರಿನಲ್ಲಿ ಒಂದೊಂದು ದಿನಕ್ಕೂ ಒಂದೊಂದು ಗೀಟು ಎಳೆದರು. ಹತ್ತು ಗೀಟು ಆಯಿತು. ಕೆಂಚ ಅನ್ನ ಮೀನು ತಿಂದು ದುಂಡಗಾದ. ಹುಡುಗನಿಗೆ ಮುಂದಿನ ಸೂಜಿ ಬೇಕೋ ಬೇಡವೋ ಅನ್ನುವುದನ್ನು ವೈದ್ಯರೇ ತೀರ್ಮಾನ ಮಾಡಿದರು. ಅದನ್ನು ನಾವು ಮನೆಯಲ್ಲಿ ಕೂತು ತೀರ್ಮಾನ ಮಾಡಬಾರದು.

ಕೆಂಚ ಯಾಕೆ ಹಾಗೆ ಮಾಡುತ್ತಾನೆ?

ಆಮೇಲೆ ಅಜ್ಜಿ ಕೆಂಚನನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ಪಶು ಆಸ್ಪತ್ರೆಗೆ ಹೋದರು. ಅಲ್ಲಿನ ಡಾಕ್ಟರಮ್ಮ ಕೆಂಚನಿಗೆ ರೇಬೀಸ್ ಲಸಿಕೆ ಹಾಕಿದರು. ಮರಿಗೆ ಮೂರು ತಿಂಗಳು ತುಂಬಿದ ಮೇಲೆ ಈ ಲಸಿಕೆ ಹಾಕಿಸಬೇಕು. ಆಮೇಲೆ ವರ್ಷಕ್ಕೊಂದು ಸಲ.

“ಇವನು ರಾಗಿ ಚೀಲಕ್ಕೆಲ್ಲ ಉಚ್ಚೆ ಹಾರಿಸ್ತಾನೆ ತಾಯಿ. ಎಷ್ಟು ಹೊಡೆದರೂ ಬುದ್ಧಿ ಇಲ್ಲ” ಅಂದರು ಅಜ್ಜಿ.

“ಅವನಿಗೆ ಬೀಜ ಒಡೆಸಿದ್ದೀರಾ ಅಜ್ಜಿ?”

“ಹೋರಿಗೆ ಮಾಡಿಸ್ತೀವಿ. ಕೊತ್ತಿಗೂ ಉಂಟಾ?”

ಉಂಟು. ಹರೆಯಕ್ಕೆ ಬಂದ ಗಂಡು ಬೆಕ್ಕು ‘ಇದು ನನ್ನ ಜಾಗ’ ಅಂತ ಬೇರೆ ಬೆಕ್ಕುಗಳಿಗೆ ತಿಳಿಸಲು ಉಚ್ಚೆ ಹಾರಿಸುತ್ತದೆ. ನಾವು ಹೊಲಕ್ಕೆ ಗಡಿಕಲ್ಲು ನೆಡುವ ಹಾಗೆ. ನಮ್ಮ ಮೇಲಿನ ಸೇಡು ಅಲ್ಲ. ಐದಾರು ತಿಂಗಳಿಗೆ ಆಪರೇಷನ್ ಮಾಡಿಸಿದರೆ ಈ ಅಭ್ಯಾಸ ಬಹುಮಟ್ಟಿಗೆ ಬರುವುದೇ ಇಲ್ಲ. ತಡವಾಗಿ ಮಾಡಿಸಿದರೂ ಹೆಚ್ಚಿನ ಬೆಕ್ಕುಗಳಲ್ಲಿ ಕಡಿಮೆಯಾಗುತ್ತದೆ. ಬೀದಿ ಸುತ್ತುವುದು, ಕಚ್ಚಾಡುವುದು ಕಡಿಮೆ. ಕಚ್ಚಾಟ ಕಡಿಮೆಯಾದರೆ ರೋಗವೂ ಕಡಿಮೆ. ಹೋರಿಗೆ ಮಾಡುವ ಹಾಗೆ ಇಕ್ಕಳ ಹಾಕುವುದಿಲ್ಲ. ಮತ್ತು ಬರಿಸಿ, ನೋವಾಗದ ಹಾಗೆ ಮಾಡುತ್ತಾರೆ.

ಬೂದಿಯ ವಿಷಯಕ್ಕೆ ಬನ್ನಿ. ಬೆಕ್ಕಿಗೆ ಸಡಿಲವಾದ ಒಣ ಮಣ್ಣು ಬೇಕು. ಕೆದರಬೇಕು, ಕೂರಬೇಕು, ಮತ್ತೆ ಮುಚ್ಚಬೇಕು. ಹಿಂದೆ ಹಿತ್ತಲು ಇತ್ತು. ಈಗ ಅಂಗಳಕ್ಕೂ ಸಿಮೆಂಟು ಹಾಕಿದ್ದೇವೆ. ಬೆಕ್ಕು ಎಲ್ಲಿಗೆ ಹೋಗಬೇಕು? ಒಲೆಯ ಬೂದಿಗೆ ಹೋಯಿತು. ಮನೆ ಕಟ್ಟಲು ಸುರಿದ ಮರಳಿಗೆ ಹೋಯಿತು. ಒಂದು ಹಳೆಯ ಬಾಣಲೆಗೋ ಪ್ಲಾಸ್ಟಿಕ್ ಟಬ್ಬಿಗೋ ನಾಲ್ಕು ಬೆರಳು ಮರಳು ತುಂಬಿ ಮೂಲೆಯಲ್ಲಿ ಇಡಿ. ಮರದ ಹೊಟ್ಟೂ ಆದೀತು. ಜನ ಓಡಾಡದ ಜಾಗ ಬೇಕು. ಅದರ ಊಟದ ತಟ್ಟೆಯಿಂದ ದೂರ ಇರಬೇಕು. ದಿನಾ ತೆಗೆದು ಹೂಳಬೇಕು. ಗಲೀಜಾದರೆ ಬೆಕ್ಕು ಅದರಲ್ಲಿ ಕೂರುವುದಿಲ್ಲ. ಈ ವಿಷಯದಲ್ಲಿ ಬೆಕ್ಕು ನಮ್ಮಲ್ಲಿ ಕೆಲವರಿಗಿಂತ ಮಡಿವಂತ!

ಹೊಡೆದರೆ ಬೆಕ್ಕು ಕಲಿಯುವುದು ಒಂದೇ: ನಿಮ್ಮನ್ನು ಕಂಡರೆ ಓಡುವುದು. ಮೂತಿಯನ್ನು ಹೊಲಸಿಗೆ ಉಜ್ಜುವುದರಿಂದಲೂ ಏನೂ ಬರುವುದಿಲ್ಲ.

ಒಂದು ಮಾತು ಮಾತ್ರ ಮರೆಯಬೇಡಿ. ಗಂಡು ಬೆಕ್ಕು ಮತ್ತೆ ಮತ್ತೆ ಉಚ್ಚೆಗೆ ಕೂತು, ಮುಲುಕಿ, ಒಂದು ಹನಿಯೂ ಬಾರದೆ ಇದ್ದರೆ ಅದು ತುಂಟತನ ಅಲ್ಲ. ಉಚ್ಚೆ ಕಟ್ಟಿದೆ. ಒಂದೆರಡು ದಿನದಲ್ಲಿ ಸಾಯುತ್ತದೆ. ಅವತ್ತೇ ಆಸ್ಪತ್ರೆಗೆ ಒಯ್ಯಿರಿ. ಪಶು ಸಹಾಯವಾಣಿಯ ನಂಬರು 1962.

ಬಾಗಿಲು, ಚಾಪೆ ಕೆರೆಯುವುದಕ್ಕೆ ಮದ್ದು ಸುಲಭ. ಬೆಕ್ಕು ಉಗುರಿನ ಹಳೆಯ ಪದರ ಕಳಚಲು ಕೆರೆಯುತ್ತದೆ. ಒಂದು ಕಂಬಕ್ಕೆ ಗೋಣಿತಾಟು ಇಲ್ಲವೇ ತೆಂಗಿನ ನಾರಿನ ಹಗ್ಗ ಸುತ್ತಿ ಕೊಡಿ. ಬೆಳಗಿನ ಜಾವದ ಕಾಟ ಪೂರ್ತಿ ಹೋಗುವುದಿಲ್ಲ. ಮುಂಜಾವು, ಮುಸ್ಸಂಜೆ ಬೆಕ್ಕಿನ ಬೇಟೆಯ ಹೊತ್ತು. ನೀವು ಮಲಗುವ ಮುಂಚೆ ಅದರ ಜೊತೆ ಸ್ವಲ್ಪ ಆಡಿ, ಊಟ ಹಾಕಿದರೆ ಇನ್ನೊಂದಿಷ್ಟು ಹೊತ್ತು ಮಲಗೀತು.

ಡಾಕ್ಟರಮ್ಮ ಮೊಮ್ಮಗನಿಗೂ ಒಂದು ಪಾಠ ಹೇಳಿದರು.

“ಬಾಲ ನೆಟ್ಟಗೆ ಎತ್ತಿಕೊಂಡು ಬಂದರೆ ಅದು ಸ್ನೇಹ. ಕಿವಿ ಹಿಂದಕ್ಕೆ ಒರಗಿಸಿ, ಬಾಲ ಪಟಪಟ ಬಡಿದರೆ ಕೋಪ. ಆಗ ಮುಟ್ಟಬಾರದು. ಹೊಟ್ಟೆ ತೋರಿಸಿ ಮಲಗಿದೆ ಅಂತ ಹೊಟ್ಟೆ ಉಜ್ಜಬೇಡ. ಮೂಲೇಲಿ ಅಡಗಿದ ಬೆಕ್ಕನ್ನ ಎಳೀಬೇಡ ಪುಟ್ಟ. ನೀನು ಕೂತ್ಕೊ, ಅದೇ ಬರುತ್ತೆ.”

ಬಸುರಿ ಹೆಂಗಸು ಮತ್ತು ಬೆಕ್ಕು

ಸೊಸೆಗೆ ಒಂದು ಅನುಮಾನ ಇತ್ತು. “ಬಸುರಿಯರು ಬೆಕ್ಕು ಸಾಕಬಾರದು ಅಂತಾರೆ. ಕೂದಲು ಹೊಟ್ಟೆಗೆ ಹೋದರೆ ಮಗೂಗೆ ತೊಂದರೆ ಅಂತಾರೆ. ನಿಜವಾ ಡಾಕ್ಟ್ರೇ?”

ಕೂದಲಿನದು ಕಟ್ಟುಕಥೆ. ಆದರೆ ಬೆಕ್ಕಿನ ಹೇಲಿನ ವಿಷಯದಲ್ಲಿ ಎಚ್ಚರ ಬೇಕು. ಟಾಕ್ಸೋಪ್ಲಾಸ್ಮಾ ಅನ್ನುವ ಒಂದು ರೋಗಾಣು ಇದೆ. ಬಹಳ ಸಣ್ಣದು, ಕಣ್ಣಿಗೆ ಕಾಣುವುದಿಲ್ಲ. ಇಲಿ, ಹಕ್ಕಿ, ಹಸಿ ಮಾಂಸ ತಿಂದ ಬೆಕ್ಕಿಗೆ ಅದು ತಗಲುತ್ತದೆ. ಆಗ ಒಂದೆರಡು ವಾರ, ಹೆಚ್ಚೆಂದರೆ ಮೂರು ವಾರ, ಹೇಲಿನಲ್ಲಿ ಅದರ ಮೊಟ್ಟೆಯಂಥ ಕಣಗಳು ಬರುತ್ತವೆ. ಬಸುರಿಗೆ ಈ ರೋಗಾಣು ಮೊದಲ ಸಲ ತಗಲಿದರೆ ಗರ್ಭ ಇಳಿಯಬಹುದು. ಇಲ್ಲವೇ ಮಗುವಿನ ಕಣ್ಣು, ಮಿದುಳಿಗೆ ಕೆಡುಕಾಗಬಹುದು. ಹೆದರಿಸಲು ಹೇಳುತ್ತಿಲ್ಲ. ತಡೆಯುವುದು ಸುಲಭ ಅಂತ ಹೇಳುತ್ತಿದ್ದೇವೆ.

ಆ ಕಣಗಳು ಹೊರಬಿದ್ದ ತಕ್ಷಣ ರೋಗ ಹಚ್ಚುವುದಿಲ್ಲ. ಅದಕ್ಕೆ ಒಂದರಿಂದ ಐದು ದಿನ ಬೇಕು. ಆದ್ದರಿಂದ ದಿನಾ ತೆಗೆದುಬಿಟ್ಟರೆ ಅಪಾಯ ಬಹಳ ಕಡಿಮೆ. ತೆಗೆಯುವ ಕೆಲಸ ಬಸುರಿ ಮಾಡಬಾರದು. ಬೇರೆ ಯಾರಾದರೂ ಮಾಡಬೇಕು.

“ಯಾರು ಮಾಡ್ತೀರಿ?” ಅಂತ ಡಾಕ್ಟರಮ್ಮ ಕೇಳಿದರು. ಎಲ್ಲರೂ ಮಗನ ಮುಖ ನೋಡಿದರು.

ಈ ರೋಗ ಬೆಕ್ಕಿನಿಂದಲೇ ಬರಬೇಕು ಅಂತ ಇಲ್ಲ. ಅರೆಬೆಂದ ಮಾಂಸದಿಂದ ಬರುತ್ತದೆ. ತೊಳೆಯದ ಸೊಪ್ಪು, ಸೌತೆಕಾಯಿಯಿಂದ ಬರುತ್ತದೆ. ಹಿತ್ತಲ ಮಣ್ಣಿನಲ್ಲಿ ಕೈಯಾಡಿಸಿ ಹಾಗೇ ಉಂಡರೆ ಬರುತ್ತದೆ. ಮಣ್ಣಿನಲ್ಲಿ ಅದು ತಿಂಗಳುಗಟ್ಟಲೆ ಇರುತ್ತದೆ. ಬೆಕ್ಕು ಇಲ್ಲದ ಮನೆಯ ಬಸುರಿಯೂ ಮಾಂಸ ಚೆನ್ನಾಗಿ ಬೇಯಿಸಬೇಕು, ಸೊಪ್ಪು ತೊಳೆಯಬೇಕು, ಸೋಪಿನಿಂದ ಕೈ ತೊಳೆಯಬೇಕು. ಬೆಕ್ಕನ್ನು ಓಡಿಸಿ ಇದನ್ನೆಲ್ಲ ಬಿಟ್ಟರೆ ಏನು ಬಂತು?

ಮಗು ಹುಟ್ಟಿದ ಮೇಲೆ ತೊಟ್ಟಿಲಿಗೆ ಸೊಳ್ಳೆಪರದೆ ಕಟ್ಟಿ. ಬೆಕ್ಕಿಗೆ ಬೆಚ್ಚಗಿನ ಜಾಗ ಕಂಡರೆ ಆಸೆ. ಎಳೆ ಮಗುವಿನ ಪಕ್ಕ ಬೆಕ್ಕನ್ನು ಒಂಟಿಯಾಗಿ ಬಿಡಬಾರದು. ಮನೆಯಲ್ಲಿ ಉಬ್ಬಸದವರು ಇದ್ದರೆ ಅವರು ಮಲಗುವ ಕಡೆ ಬೆಕ್ಕು ಬೇಡ. ಕೆಲವರಿಗೆ ಬೆಕ್ಕಿನ ಜೊಲ್ಲು, ಚರ್ಮದ ಹೊಟ್ಟು ಆಗಿಬರುವುದಿಲ್ಲ.

ಏನು ಹಾಕಬೇಕು, ಏನು ಹಾಕಬಾರದು

ಬೆಕ್ಕು ಅಂದರೆ ಹಾಲು ಅಂತ ನಮ್ಮ ನಂಬಿಕೆ. ವಿಜಯನಗರದ ಕಾಲದ ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡುತ್ತಿತ್ತಂತೆ. ಅವನು ಅದಕ್ಕೆ ಮೊದಲ ದಿನವೇ ಕುದಿಯುವ ಹಾಲು ಕುಡಿಸಿದ್ದನಂತೆ. ಕಥೆ ಕೇಳಿ ಎಲ್ಲರೂ ನಗುತ್ತೇವೆ. ಪಾಪ, ಬಾಯಿ ಸುಟ್ಟುಕೊಂಡದ್ದು ಬೆಕ್ಕು. ನಿಜ ಸಂಗತಿ ಅಂದರೆ ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದಿಲ್ಲ. ಭೇದಿಯಾಗುತ್ತದೆ. ಕುಡಿಯಲು ನೀರು ಇಡಿ, ಸಾಕು. ಹಾಲನ್ನು ನೆಲುವಿನ ಮೇಲೆ ಇಟ್ಟು ಮಕ್ಕಳಿಗೆ ಕೊಡಿ.

ಬೆಕ್ಕು ಹುಟ್ಟಾ ಮಾಂಸಾಹಾರಿ. ಅದಕ್ಕೆ ಸಿಹಿಯ ರುಚಿಯೇ ತಿಳಿಯುವುದಿಲ್ಲ. ಮಾಂಸ, ಮೀನಿನಲ್ಲಿ ಟಾರಿನ್ ಅನ್ನುವ ಸತ್ವ ಇದೆ. ಅದು ಸಿಗದಿದ್ದರೆ ಬೆಕ್ಕಿನ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಹಳ್ಳಿಯ ಬೆಕ್ಕು ಅನ್ನ ತಿಂದರೂ ಇಲಿ ಹಿಡಿದು ಸರಿಮಾಡಿಕೊಳ್ಳುತ್ತದೆ. ಪೇಟೆಯಲ್ಲಿ ಬಾಗಿಲು ಹಾಕಿ ಸಾಕುವವರು ಬರೀ ಹಾಲನ್ನ ಹಾಕಿದರೆ ಅನ್ಯಾಯ. ನಾವು ಮಾಂಸ ತಿನ್ನದಿರುವುದು ನಮ್ಮ ಇಷ್ಟ. ಬೆಕ್ಕಿಗೆ ಆ ಇಷ್ಟ ಇಲ್ಲ.

ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ. ಮೀನು ಹಾಕುವಾಗ ಮಸಾಲೆ ಹಾಕುವ ಮುಂಚೆ ಒಂದು ತುಂಡು ಬೇಯಿಸಿ ತೆಗೆದಿಡಿ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲುತ್ತದೆ. ಅರ್ಧ ಮಾತ್ರೆಯೂ ಬೇಡ, ಕಾಲು ಮಾತ್ರೆಯೂ ಬೇಡ. ಚಿಗಟಕ್ಕೆ ನಾಯಿಯ ಔಷಧಿ ಹಾಕಬೇಡಿ. ಅದರಲ್ಲಿ ಪರ್ಮೆತ್ರಿನ್ ಇದ್ದರೆ ಬೆಕ್ಕು ಸೆಟೆದು ಸಾಯುತ್ತದೆ. ಡಬ್ಬಿಯ ಮೇಲಿನ ಅಕ್ಷರ ಓದಿ. ಓದು ಬಂದದ್ದು ಇಂಥದಕ್ಕೂ ಆಗಬೇಕು. ಮನೆಯಲ್ಲಿ ಬೆಕ್ಕು ಇದ್ದರೆ ಇಲಿಪಾಷಾಣ ಇಡಬೇಡಿ. ವಿಷ ತಿಂದ ಇಲಿಯನ್ನು ಬೆಕ್ಕು ತಿಂದರೆ ಎರಡೂ ಹೋದವು.

ಬೆಳ್ಳಿಯ ಮರಿಗಳು

ಬೆಳ್ಳಿ ಹೋದ ವರ್ಷ ಮೂರು ಸಲ ಮರಿ ಹಾಕಿದ್ದಳು. ಒಂದೊಂದು ಸಲವೂ ನಾಲ್ಕು. ಹನ್ನೆರಡರಲ್ಲಿ ಉಳಿದದ್ದು ಕೆಂಚ ಒಬ್ಬ. ಮೂರನ್ನು ಯಾರೋ ಕೇಳಿ ಒಯ್ದರು. ಉಳಿದವು ನಾಯಿಗೆ, ರಸ್ತೆಗೆ, ಭೇದಿಗೆ ಹೋದವು. ಇದು ಆ ಮನೆಯೊಂದರ ಲೆಕ್ಕ ಅಲ್ಲ. ನಿಮ್ಮ ಬೀದಿಯಲ್ಲೂ ಕೇಳಿ ನೋಡಿ.

ಹ���ಣ್ಣು ಬೆಕ್ಕಿಗೆ ಐದಾರು ತಿಂಗಳಿಗೇ ಗರ್ಭ ನಿಲ್ಲಬಹುದು. ಎರಡು ತಿಂಗಳಿಗೆ ಮರಿ ಹಾಕುತ್ತದೆ. ಮರಿಗಳು ಹಾಲು ಕುಡಿಯುತ್ತಿರುವಾಗಲೇ ಮತ್ತೆ ಗರ್ಭ ಕಟ್ಟಬಹುದು. ಮರಿಗಳು ಕಣ್ಣು ಬಿಡುವುದಕ್ಕೆ ವಾರ, ಹತ್ತು ದಿನ ಬೇಕು. ಎರಡು ತಿಂಗಳು ತುಂಬುವ ಮುಂಚೆ ತಾಯಿಯಿಂದ ಬಿಡಿಸಬಾರದು. ಬೇಗ ಬಿಡಿಸಿದ ಮರಿ ಬಡವಾಗುತ್ತದೆ. ಕಚ್ಚುವುದು, ಪರಚುವುದು ಎಷ್ಟರ ಮಟ್ಟಿಗೆ ಅನ್ನುವುದನ್ನು ಮರಿ ಕಲಿಯುವುದು ತಾಯಿಯ ಹತ್ತಿರ, ಒಡಹುಟ್ಟಿದವುಗಳ ಹತ್ತಿರ.

“ಒಂದು ಸಲನಾದರೂ ಮರಿ ಹಾಕಲಿ, ಆಮೇಲೆ ಮಾಡಿಸೋಣ” ಅಂತ ಹೇಳುವವರಿದ್ದಾರೆ. ಹಾಗೇನೂ ಕಾಯಬೇಕಾಗಿಲ್ಲ. ಮೊದಲೇ ಮಾಡಿಸಿದರೆ ಮೊಲೆಯ ಗಂಟಿನ ರೋಗವೂ ಕಡಿಮೆ. ಬೆಳ್ಳಿಗೂ ಕೆಂಚನಿಗೂ ಆಪರೇಷನ್ ಆಯಿತು. ಬೆಳ್ಳಿಯ ಹೊಲಿಗೆಯನ್ನು ಹತ್ತು ದಿನ ನೆಕ್ಕದಂತೆ ಕಾಯಬೇಕಾಯಿತು. ಕೆಂಚ ಎರಡು ದಿನ ಮುನಿಸಿಕೊಂಡು ಅಟ್ಟದಲ್ಲಿ ಕೂತ. ಮೂರನೆಯ ದಿನ ಮೀನಿನ ವಾಸನೆಗೆ ಇಳಿದು ಬಂದ. ಉಚ್ಚೆ ಹಾರಿಸುವುದು ಪೂರ್ತಿ ನಿಲ್ಲಲು ಒಂದೂವರೆ ತಿಂಗಳು ಹಿಡಿಯಿತು. ಈಗಲೂ ಅವನು ಬೆಳಗಿನ ಜಾವ ಬಾಗಿಲು ಕೆರೆಯುತ್ತಾನೆ. ಎದ್ದು ತೆಗೆಯುವವನು ಮಗನೇ.

ಕಲಿಕಾ ಕೇಂದ್ರದಲ್ಲಿ ಮಾತಾಡಿ

ಬೆಕ್ಕು ಪರಚಿದಾಗ ನಿಮ್ಮ ಊರಿನಲ್ಲಿ ಏನು ಹಚ್ಚುತ್ತಾರೆ? ಹತ್ತಿರದ ಯಾವ ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಸಿಗುತ್ತದೆ? ರಾತ್ರಿ ಹೊತ್ತು ಅಲ್ಲಿಗೆ ಹೋಗುವುದು ಹೇಗೆ? ನಿಮ್ಮ ಬೀದಿಯಲ್ಲಿ ಹೋದ ವರ್ಷ ಎಷ್ಟು ಮರಿ ಹುಟ್ಟಿದವು, ಎಷ್ಟು ಉಳಿದವು?

ಬರೆಯಿರಿ

ಒಂದು ಚೀಟಿ ತೆಗೆದುಕೊಳ್ಳಿ. ನಿಮ್ಮ ಬೆಕ್ಕಿನ ಹೆಸರು ಬರೆಯಿರಿ. ಅದರ ಕೆಳಗೆ ವಯಸ್ಸು, ಬಣ್ಣ. ರೇಬೀಸ್ ಲಸಿಕೆ ಹಾಕಿಸಿದ ದಿನ. ಮತ್ತೆ ಹಾಕಿಸಬೇಕಾದ ದಿನ. ಆಪರೇಷನ್ ಆಗಿದೆಯೋ ಇಲ್ಲವೋ. ಚೀಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ. ಬೆಕ್ಕಿಗೆ ಎಟುಕದ ಎತ್ತರದಲ್ಲಿ ಅಂಟಿಸಿ.